ಬೀಜವನ್ನು ಅರೆಯದೆ ಎಣ್ಣೆಯ ಗುಣ ತಿಳಿಯಬಹುದೇ?

ಪ್ರಶ್ನೆ: ನಾವು ಶೇಂಗಾ ಬೆಳೆಯುವವರು. ಎಣ್ಣೆ ಹೇಗಿದೆ ಎಂಬುದು ಗಾಣಕ್ಕೆ ಹಾಕಿದ ಮೇಲೆಯೇ ನಮಗೆ ಗೊತ್ತಾಗುವುದು. ಅರೆದ ಬೀಜ ಬಿತ್ತನೆಗೆ ಬರುವುದಿಲ್ಲ. ಹಾಗಿರುವಾಗ ಎಣ್ಣೆಯಲ್ಲಿರುವ ಓಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಗಿರ್ನಾರ್ 4, ಗಿರ್ನಾರ್ 5ರಂಥ ತಳಿಗಳಿಗೆ ತಕ್ಕ ಬೀಜವನ್ನು ಕೆಡಿಸದೆ ಆರಿಸುವುದು ಹೇಗೆ? ನಮ್ಮ ಬೀಜವನ್ನೂ ಹಾಗೆ ಪರೀಕ್ಷಿಸಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ತಳಿ ವಿಜ್ಞಾನಿಗಳಿಗೆ ಈ ತೊಡಕು ನೀವು ಹೇಳಿದ್ದಕ್ಕಿಂತಲೂ ದೊಡ್ಡದು. ಶೇಂಗಾದಲ್ಲಿ ಓಲಿಕ್ ಆಮ್ಲ ಹೆಚ್ಚಿರುವ ಗುಣ ಮುಖ್ಯವಾಗಿ ಎರಡು ಜೀನ್‌ಗಳಿಗೆ ಸೇರಿದ್ದು, ಎರಡರ ಬದಲಾದ ರೂಪವೂ ತಾಯಿ ಮತ್ತು ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯ ತಳಿಯೊಂದಿಗೆ ಸಂಕರ ಮಾಡಿದಾಗ, ಎರಡನೆಯ ಪೀಳಿಗೆಯ 16 ಬೀಜಗಳಲ್ಲಿ ಸರಾಸರಿ ಒಂದೇ ಒಂದು ಬೇಕಾದ ಬೀಜ ಸಿಗುತ್ತದೆ. ಒಂದೇ ಗಿಡದ ಕಾಯಿಗಳಲ್ಲಿಯೂ ಬೀಜದಿಂದ ಬೀಜಕ್ಕೆ ಗುಣ ಬೇರೆ. ಆ ಒಂದನ್ನು ಅರೆದುಬಿಟ್ಟರೆ ಅದೇ ಸಂಯೋಜನೆಯ ಇನ್ನೊಂದು ಬೀಜ ಕೈಗೆ ಬರುವುದೆಂಬ ಭರವಸೆಯಿಲ್ಲ.

ಹಳೆಯ ಉಪಾಯ ಅರ್ಧ ಬೀಜದ ಪರೀಕ್ಷೆ. 1960ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಸಾಸಿವೆಯ ಬಳಗದ ರೇಪ್‌ಸೀಡ್ ಬೀಜದಿಂದ ಒಂದು ಬೇಳೆಯನ್ನಷ್ಟೇ ತೆಗೆದು ಎರುಸಿಕ್ ಆಮ್ಲ ಎಂಬ ಬೇಡವಾದ ಕೊಬ್ಬಿನಾಮ್ಲವನ್ನು ಪರೀಕ್ಷಿಸಿ, ಮೊಳಕೆಯಿರುವ ಉಳಿದ ಭಾಗವನ್ನು ಬೆಳೆಸಿದರು. ಇಂದಿನ ಕನೋಲಾ ಎಣ್ಣೆಯ ಹಿಂದೆ ಈ ಕೆಲಸವಿದೆ. ಶೇಂಗಾದಲ್ಲಾದರೆ ಮೊಳಕೆಯ ಮೂತಿಗೆ ಎದುರಾಗಿರುವ ತುದಿಯಿಂದ ಚಿಕ್ಕ ಚೂರನ್ನು ಕತ್ತರಿಸಿ, ಗ್ಯಾಸ್ ಕ್ರೊಮಟೊಗ್ರಾಫ್ ಎಂಬ ಉಪಕರಣದಲ್ಲಿ ಕೊಬ್ಬಿನಾಮ್ಲಗಳನ್ನು ಬಿಡಿಬಿಡಿಯಾಗಿ ಅಳೆಯುತ್ತಾರೆ. ಫಲಿತಾಂಶ ನಂಬಿಕೆಗೆ ಅರ್ಹ. ಆದರೆ ಸಾವಿರಾರು ಬೀಜಗಳಿಗೆ ಇದನ್ನು ಮಾಡುವುದು ಬಹಳ ಶ್ರಮದ ಕೆಲಸ. ಕತ್ತರಿಸಿದ ಬೀಜಕ್ಕೆ ಮಣ್ಣಿನಲ್ಲಿ ಬೂಸ್ಟು ಹಿಡಿಯುವ ಭಯವೂ ಇದೆ.

ಬೀಜಕ್ಕೆ ಗಾಯವೇ ಆಗದ ವಿಧಾನವೆಂದರೆ ಅವಕೆಂಪು ಬೆಳಕಿನ ಪರೀಕ್ಷೆ. ಸುಮಾರು 780ರಿಂದ 2500 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕನ್ನು ಬೀಜದ ಮೇಲೆ ಹಾಯಿಸಿದಾಗ, ಎಣ್ಣೆ, ಪ್ರೋಟೀನ್ ಮತ್ತು ನೀರು ಆ ಬೆಳಕಿನ ಬೇರೆಬೇರೆ ಭಾಗಗಳನ್ನು ಹೀರಿಕೊಳ್ಳುತ್ತವೆ. ಉಳಿದು ಬರುವ ಬೆಳಕಿನ ನಕ್ಷೆಯಿಂದ ಗಣಕವು ಓಲಿಕ್ ಆಮ್ಲದ ಪ್ರಮಾಣವನ್ನು ಅಂದಾಜಿಸುತ್ತದೆ. ಇದು ಅಂದಾಜು ಎಂಬುದನ್ನು ಒತ್ತಿ ಹೇಳಬೇಕು. ಮೊದಲೇ ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ ಅಳೆದಿಟ್ಟ ಅನೇಕ ಮಾದರಿಗಳ ಜೊತೆ ಹೋಲಿಸಿಯೇ ಯಂತ್ರ ಉತ್ತರ ಕೊಡುತ್ತದೆ. ಆ ಮಾದರಿಗಳಲ್ಲಿ ಇಲ್ಲದ ಬಗೆಯ ಬೀಜ, ಬೇರೆ ಗಾತ್ರ, ಬೇರೆ ತೇವಾಂಶ ಎದುರಾದರೆ ಉತ್ತರ ತಪ್ಪಬಹುದು. ಆದರೂ ಸಾಮಾನ್ಯ ಶೇಂಗಾದಲ್ಲಿ ಓಲಿಕ್ ಆಮ್ಲ ಎಣ್ಣೆಯ ಅರ್ಧದಷ್ಟಿದ್ದರೆ, ಗಿರ್ನಾರ್ ತಳಿಗಳಲ್ಲಿ ಶೇ 80ರ ಆಸುಪಾಸಿನಲ್ಲಿದೆ. ಇಷ್ಟು ದೊಡ್ಡ ಅಂತರವನ್ನು ಗುರುತಿಸಲು ಈ ವಿಧಾನ ಸಮರ್ಥವಾಗಿದೆ. ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆಯೊಡನೆ ಈ ತಳಿಗಳನ್ನು ರೂಪಿಸಿದ ಹೈದರಾಬಾದ್ ಸಮೀಪದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಇದು ಬಳಕೆಯಲ್ಲಿದೆ. ಎಣ್ಣೆ ಎಷ್ಟಿದೆ ಎಂಬುದಷ್ಟೇ ಬೇಕಿದ್ದರೆ, ಚೆನ್ನಾಗಿ ಒಣಗಿದ ಬೀಜವನ್ನು ಕಾಂತಕ್ಷೇತ್ರದಲ್ಲಿಟ್ಟು ಅಳೆಯುವ ಎನ್‌ಎಂಆರ್ ಯಂತ್ರ ಸಾಕು.

ನಿಮ್ಮ ಬೀಜವನ್ನೂ ಹೀಗೆ ಪರೀಕ್ಷಿಸಬಹುದು. ಮಾದರಿ ಕೊಡುವ ಮೊದಲು ಯಂತ್ರವನ್ನು ಶೇಂಗಾ ಬೀಜಕ್ಕೇ, ಅದರಲ್ಲೂ ಓಲಿಕ್ ಆಮ್ಲಕ್ಕೆ ಹೊಂದಿಸಲಾಗಿದೆಯೇ ಎಂದು ಕೇಳಿ. ಅನೇಕ ಕಡೆ ಎಣ್ಣೆ ಮತ್ತು ಪ್ರೋಟೀನ್‌ಗೆ ಮಾತ್ರ ಹೊಂದಿಸಿರಬಹುದು. ಬೀಜ ಒಣಗಿ, ಜೊಳ್ಳು ಮತ್ತು ಒಡಕು ಬೇಳೆಗಳಿಂದ ಮುಕ್ತವಾಗಿರಲಿ. ಓಲಿಕ್ ಹೆಚ್ಚಿನ ತಳಿಯೆಂದು ಕೊಂಡ ಬೀಜದಲ್ಲಿ ಬೆರಕೆಯ ಅನುಮಾನವಿದ್ದರೆ, ಒಟ್ಟು ಮಾದರಿಯ ಸರಾಸರಿಯಿಂದ ಪ್ರಯೋಜನವಿಲ್ಲ. ಬಿಡಿಬಿಡಿ ಬೀಜಗಳನ್ನೇ ನೋಡಿಸಿ.