ಕೊರಳಿನ ಪದಕ, ಚಕ್ರದ ನಟ್ಟು

ಪ್ರಿಯ ಓದುಗರೇ,

ಹವ್ಯಾಸಿ ಕಾರ್ ರೇಸಿಗೆ ಇಳಿಯುವ ಮುನ್ನ ತಪಾಸಣೆಯವರು ನಿಮ್ಮ ಕೊರಳಿನಿಂದ ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಪದಕ ತೆಗೆಸಿದರೆಂದು ನೊಂದು ಬರೆದಿದ್ದೀರಿ. ಜೊತೆಗೆ ಎರಡು ಪ್ರಶ್ನೆ: 1969ರಲ್ಲಿ ಕಥೋಲಿಕ ಧರ್ಮಸಭೆ ಆ ಸಂತರನ್ನೇ ಕೈಬಿಟ್ಟಿತೆನ್ನುವುದು ನಿಜವೇ? ಭಾನುವಾರ ರೇಸ್ ಇದ್ದರೆ ಚರ್ಚಿನ ಬಲಿಪೂಜೆಯ ಗತಿಯೇನು?

ತೆಗೆಸಿದ್ದು ಸರಿಯೇ. ಸ್ಪರ್ಧೆಯ ವೇಳೆ ಕೊರಳಲ್ಲಿ ಲೋಹದ ಸರ ಇರಕೂಡದೆಂದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎಯ ನಿಯಮವೇ ಇದೆ. ಬೆಂಕಿ ಹತ್ತಿದರೆ ಲೋಹ ಬಟ್ಟೆಯೊಳಗೇ ಕಾದು ಚರ್ಮ ಸುಡುತ್ತದೆ. ಡಿಕ್ಕಿಯಾದರೆ ಸೀಟಿಗೆ ಬಿಗಿಯುವ ಹಾರ್ನೆಸ್ ಪಟ್ಟಿಯ ಒತ್ತಡವೆಲ್ಲ ಅದರಡಿ ಸಿಕ್ಕಿದ ಪದಕದಷ್ಟಗಲದ ಜಾಗಕ್ಕೆ ಬೀಳುತ್ತದೆ. ಪ್ರಜ್ಞೆ ತಪ್ಪಿದವರ ಹೆಲ್ಮೆಟ್ ಕಳಚುವ ಮಾರ್ಷಲ್‌ಗಳ (ಟ್ರ್ಯಾಕಿನ ಸುರಕ್ಷತಾ ಸಿಬ್ಬಂದಿಯ) ಕೈಗೂ ಸರ ತೊಡರುತ್ತದೆ. ಲೋಹದ ಬದಲು ಸ್ಕ್ಯಾಪುಲರ್ (ದಾರಕ್ಕೆ ಕಟ್ಟಿ ಕೊರಳಿಗೆ ಹಾಕುವ ಭಕ್ತಿಯ ಬಟ್ಟೆ ತುಂಡು) ಹಾಕಬಹುದೇ ಎಂದು ನೀವು ಕೇಳಬಹುದು. ಹಳೆಯ ಪದ್ಧತಿಯ ಸ್ಕ್ಯಾಪುಲರ್ ಉಣ್ಣೆಯದು. ಉಣ್ಣೆ ಕರಕಲಾಗುತ್ತದೆಯೇ ಹೊರತು ಕರಗುವುದಿಲ್ಲ. ಈಗ ಸಿಗುವ ಹಲವಕ್ಕೆ ನೈಲಾನ್ ದಾರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅವು ಕರಗಿ ಮೈಗೆ ಅಂಟುತ್ತವೆ, ಬೇಡ. ಉಣ್ಣೆಯದಾದರೂ ತಪಾಸಣೆಯವರನ್ನು ಕೇಳಿಯೇ ಹಾಕಿ.

ಪದಕ ಜೊತೆಗಿರಲೇಬೇಕೆಂದರೆ ಕಾರಿಗೇ ಕೂರಿಸಿ. ತೆಳುವಾದ ಚಪ್ಪಟೆ ಪದಕಕ್ಕೆ 3 ಮಿ.ಮೀ. ರಿವೆಟ್ ಎರಡು ಸಾಕು. ಪೆಡಲ್‌ಗಳಿಂದ ದೂರವಿರುವ ಡ್ಯಾಶ್‌ಬೋರ್ಡ್ ತಗಡೇ ಸರಿಯಾದ ಜಾಗ. ಮ್ಯಾಗ್ನೆಟ್, ಅಂಟುಪಟ್ಟಿ ನಂಬಬೇಡಿ. ಬಿಸಿಗೆ ಅಂಟು ಸಡಿಲವಾಗಿ ಪದಕ ಉದುರಿ ಬ್ರೇಕ್ ಪೆಡಲ್ ಅಡಿಗೆ ಸೇರಿದರೆ ಪೆಡಲ್ ಪೂರ್ತಿ ಇಳಿಯುವುದಿಲ್ಲ. ಕನ್ನಡಿಗೆ ಜಪಮಾಲೆ ನೇತುಹಾಕುವುದೂ ಬೇಡ.

ಇನ್ನು 1969. ಆ ವರ್ಷ ಧರ್ಮಸಭೆಯ ಹಬ್ಬಗಳ ಪಂಚಾಂಗ ಪರಿಷ್ಕರಿಸಿದಾಗ ಜುಲೈ 25ರ ಸಂತ ಕ್ರಿಸ್ಟೋಫರರ ಸ್ಮರಣೆಯನ್ನು ಸಾರ್ವತ್ರಿಕ ಪಟ್ಟಿಯಿಂದ ಸ್ಥಳೀಯ ಆಚರಣೆಗೆ ಬಿಟ್ಟರು, ಅಷ್ಟೇ. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರು ಇಂದಿಗೂ ಇದ್ದಾರೆ. ವಾಹನ ಚಾಲಕರಿಗೆ ಇನ್ನೊಬ್ಬ ಪಾಲಕಿಯೂ ಇದ್ದಾರೆ: ರೋಮಿನ ಸಂತ ಫ್ರಾನ್ಸಿಸ್ಕಾ. ಪೋಪ್ 11ನೇ ಪಯಸ್ 1925ರಲ್ಲಿ ಹಾಗೆ ಸಾರಿದರು. ಕತ್ತಲಲ್ಲಿ ದೇವದೂತನೊಬ್ಬ ಆಕೆಗೆ ದಾರಿ ಬೆಳಗುತ್ತಿದ್ದನೆಂಬುದು ಐತಿಹ್ಯ.

ಆದರೆ ಗ್ಯಾರೇಜಿನಲ್ಲಿ ನೆನೆಯಬೇಕಾದವರು ಸಂತ ಎಲಿಜಿಯುಸ್ ಎಂದು ನಮಗೆ ಅನಿಸುತ್ತದೆ. 7ನೇ ಶತಮಾನದ ಅಕ್ಕಸಾಲಿಗ, ಆಮೇಲೆ ಫ್ರಾನ್ಸಿನ ನೊಯೊನ್‌ನ ಧರ್ಮಾಧ್ಯಕ್ಷರು, ಲೋಹದ ಕೆಲಸದವರ ಪಾಲಕರು. ಹಬ್ಬ ಡಿಸೆಂಬರ್ 1. ಮಣಿಯದ ಕುದುರೆಯ ಕಾಲನ್ನೇ ಬಿಚ್ಚಿ, ಲಾಳ ಹೊಡೆದು, ತಿರುಗಿ ಜೋಡಿಸಿದರೆಂಬ ಕಥೆ ಅವರದು. ಚಕ್ರ ಬಿಚ್ಚಿ ಹಾಕುವವರಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ಅವರನ್ನು ನೆನೆದು, ಟಾರ್ಕ್ ಅಂದರೆ ತಿರುಚುವ ಬಲ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಕೈಗೆ ತೆಗೆದುಕೊಳ್ಳಿ. ಚಕ್ರ ಕೂರುವ ಹಬ್‌ನ ಮುಖದಲ್ಲಿ ತುಕ್ಕು, ಬಣ್ಣ ಉಳಿದರೆ ಓಡುವಾಗ ಅದು ಪುಡಿಯಾಗಿ ನಟ್ಟು ಸಡಿಲವಾಗುತ್ತದೆ, ಮೊದಲು ಉಜ್ಜಿ. ಬೋಲ್ಟಿನ ಮರೆಗೆ (ತಿರುಪಿನ ಗೆರೆಗಳಿಗೆ) ಎಣ್ಣೆ ಸವರಬೇಡಿ. ಅದೇ ಟಾರ್ಕ್‌ಗೆ ಬೋಲ್ಟ್ ಮೇಲೆ ಹೆಚ್ಚು ಎಳೆತ ಬಿದ್ದು ಅದು ಹಿಗ್ಗುತ್ತದೆ. ಎದುರುಬದುರಿನ ನಟ್ಟುಗಳನ್ನು ಕ್ರಮವಾಗಿ, ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಮೊದಲ ಸುತ್ತು ಮುಗಿದು ಚಕ್ರ ಆರಿದ ಮೇಲೆ ಮತ್ತೊಮ್ಮೆ ನೋಡಿ. ಬ್ರೇಕ್ ಆಯಿಲ್ ಕೂಡ ಹಾಗೆಯೇ: ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆ ತುಂಬಿ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಇದನ್ನೆಲ್ಲ ಭಕ್ತಿಯ ಮಾತಿನ ನಡುವೆ ತಂದದ್ದು ಸುಮ್ಮನೆ ಅಲ್ಲ. ವೇಗದ ಮೋಹದಿಂದ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವವರು ಗಂಭೀರ ತಪ್ಪಿಗೆ ಗುರಿಯಾಗುತ್ತಾರೆಂದು ಧರ್ಮಸಭೆಯ ಧರ್ಮೋಪದೇಶದ 2290ನೇ ಪರಿಚ್ಛೇದ ಹೇಳುತ್ತದೆ. ತಿರುವಿನಲ್ಲಿ ಬಾವುಟ ಹಿಡಿದು ನಿಂತ ಮಾರ್ಷಲ್ ಆ 'ಇತರರು'. ಸಡಿಲ ನಟ್ಟಿನ ಚಕ್ರ ಕಳಚಿ ಹೋಗುವುದು ಅವರ ಕಡೆಗೇ. ತಪಾಸಣೆಯವರು ಕಾಯುವುದೂ ಅವರನ್ನೇ.

ಕೊನೆಗೆ ಭಾನುವಾರದ ಪೂಜೆ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಂದಂತೆ. ಧರ್ಮಸಭೆಯ ಕಾನೂನಿನ 1248ನೇ ವಿಧಿ ಇದನ್ನು ಹೇಳುತ್ತದೆ. ತಪಾಸಣೆ ಶನಿವಾರ ಸಂಜೆಯೇ ಬಿದ್ದರೆ ಬೇಗನೆಯ ಸರದಿ ಕೇಳಿಕೊಳ್ಳಿ. ಎರಡೂ ದಿನ ಆಗುವುದೇ ಇಲ್ಲವೆಂದಾದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಮೊದಲೇ ಮಾತಾಡಿ. ತಕ್ಕ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ 1245ನೇ ವಿಧಿಯಂತೆ ಅವರಿಗಿದೆ.

– ಸಂಪಾದಕ