1982ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ‘ದಿ ಥಿಂಗ್’ ಸೋತಿದ್ದೇಕೆ?

ಬಿಡುಗಡೆಯ ಸಮಯವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಜೂನ್ 11ರಂದು ತೆರೆಕಂಡ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ಯ ಮೂಲಕ ಅನ್ಯಗ್ರಹದ ಜೀವಿಯನ್ನು ಮಕ್ಕಳ ಗೆಳೆಯನೆಂದು ಜನ ಅಪ್ಪಿಕೊಂಡಿದ್ದ ಹೊತ್ತಿನಲ್ಲೇ, ಅದೇ ಯೂನಿವರ್ಸಲ್ ಸಂಸ್ಥೆಯು ಎರಡು ವಾರಗಳ ಬಳಿಕ, ಜೂನ್ 25ರಂದು, ಮನುಷ್ಯರ ರೂಪ ತಾಳಿ ಅವರನ್ನು ಕೊಲ್ಲುವ ಅನ್ಯಗ್ರಹದ ಜೀವಿಯ ಕುರಿತಾದ ಜಾನ್ ಕಾರ್ಪೆಂಟರ್ ಅವರ ಈ ಭಯಾನಕ ಚಿತ್ರವನ್ನು ಬಿಡುಗಡೆ ಮಾಡಿತು. ವಾರ್ನರ್ ಸಂಸ್ಥೆಯ ‘ಬ್ಲೇಡ್ ರನ್ನರ್’ ಕೂಡ ಅಂದೇ ತೆರೆಕಂಡಿತು.

ಪ್ರಜ್ಞೆ ತಪ್ಪಿದವನಿಗೆ ವಿದ್ಯುತ್ ಆಘಾತ ಕೊಡಲು ವೈದ್ಯನು ಎದೆಯ ಮೇಲೆ ಕೈಯೊತ್ತಿದಾಗ ಆ ಎದೆಯೇ ಬಾಯಾಗಿ ತೆರೆದು ವೈದ್ಯನ ಎರಡೂ ತೋಳುಗಳನ್ನು ಕಚ್ಚಿ ತುಂಡರಿಸುವ ದೃಶ್ಯವು, ಕಂಪ್ಯೂಟರ್ ಗ್ರಾಫಿಕ್ಸ್‌ನ ನೆರವಿಲ್ಲದೆ ವಿಶೇಷ ಪರಿಣಾಮಗಳ ಕಲಾವಿದ ರಾಬ್ ಬೊಟಿನ್ ಮೆರೆದ ಅಸಾಧಾರಣ ಕೌಶಲ. ಅಂದಿನ ಅನೇಕ ವಿಮರ್ಶಕರು ಮಾತ್ರ ಅದನ್ನು ಅಸಹ್ಯವೆಂದು ತಳ್ಳಿಹಾಕಿದರು. ಸುಮಾರು 1.5 ಕೋಟಿ ಡಾಲರ್ ವೆಚ್ಚದ ಚಿತ್ರದ ಗಳಿಕೆ ಅಮೆರಿಕದಲ್ಲಿ 2 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಕಾರ್ಪೆಂಟರ್ ನಿರ್ದೇಶಿಸಬೇಕಿದ್ದ ‘ಫೈರ್‌ಸ್ಟಾರ್ಟರ್’ ಚಿತ್ರವೂ ಅವರ ಕೈತಪ್ಪಿತು.