ಬೇಸರ ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ

ಪ್ರಿಯರೆ,

ಲಾರಾ ಪಾಮರ್ ಎಂಬ ಹುಡುಗಿಯ ಕೊಲೆಯ ಸುತ್ತ ಹೆಣೆದ ಅಮೆರಿಕದ ಟಿವಿ ಸರಣಿ ‘ಟ್ವಿನ್ ಪೀಕ್ಸ್’ನ ಎರಡನೇ ಸೀಸನ್ ಹೇಗೆ ಹಾಳಾಯಿತು ಎಂದು ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ನಿಮಗೆ ಸಿಟ್ಟಿದೆ, ಅದು ಒಳ್ಳೆಯದೇ. ಆದರೆ ‘ಕತೆ ಹಳಿ ತಪ್ಪಿತು’, ‘ಮೊದಲಿನ ಮಜಾ ಉಳಿಯಲಿಲ್ಲ’ ಎಂದು ಹೇಳಿದ್ದನ್ನೇ ಹೇಳುತ್ತ ಹೋಗಿದ್ದೀರಿ. ಸರಣಿಯ ಹೆಸರು ಬದಲಿಸಿದರೂ ಮೂರನೇ ಪುಟದಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ.

ಎಲ್ಲಿ ತಪ್ಪಿತು, ಅದನ್ನು ಹೇಳಿ. ಆ ಸೀಸನ್ನಿನ ಏಳನೇ ಕಂತು, 1990ರ ನವೆಂಬರ್. ರೋಡ್‌ಹೌಸ್‌ನಲ್ಲಿ ಕೂತ ಎಫ್‌ಬಿಐ ತನಿಖೆಗಾರ ಕೂಪರ್‌ಗೆ ದೈತ್ಯ ಕಾಣಿಸಿಕೊಂಡು ‘ಮತ್ತೆ ಅದೇ ನಡೆಯುತ್ತಿದೆ’ ಎನ್ನುತ್ತಾನೆ. ಅತ್ತ ಮನೆಯಲ್ಲಿ ಲಾರಾಳ ಅಪ್ಪ ಲೀಲ್ಯಾಂಡ್ ಕನ್ನಡಿ ನೋಡಿಕೊಂಡರೆ ಅದರಲ್ಲಿ ಕಾಣುವುದು ಅವನ ಮೈ ಹೊಕ್ಕ ದುಷ್ಟಾತ್ಮ ಬಾಬ್. ಇಡೀ ಸರಣಿಯಲ್ಲಿ ನನ್ನನ್ನು ಇಷ್ಟು ಹೆದರಿಸಿದ ಕಂತು ಇನ್ನೊಂದಿಲ್ಲ. ನೀವು ‘ಕೊಲೆಗಾರ ಯಾರೆಂದು ತಿಳಿದ ಮೇಲೆ ಕುತೂಹಲ ಸತ್ತಿತು’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಲೇಖನ ಇರುವುದೇ ಅಲ್ಲಿ! ಅಷ್ಟು ಚೆನ್ನಾಗಿದ್ದ ಕಂತೇ ಸರಣಿಗೆ ಮುಳುವಾಯಿತಲ್ಲ, ಯಾಕೆ?

ಲಾರಾ ಪಾಮರ್ ಕೊಲೆಯ ಗುಟ್ಟು ಬಿಟ್ಟುಕೊಡುವುದು ಸರಣಿಯ ಸೃಷ್ಟಿಕರ್ತರಲ್ಲಿ ಒಬ್ಬರಾದ ಡೇವಿಡ್ ಲಿಂಚ್‌ಗೆ ಇಷ್ಟವಿರಲಿಲ್ಲ. ಸರಣಿ ಪ್ರಸಾರ ಮಾಡುತ್ತಿದ್ದ ಎಬಿಸಿ ಚಾನೆಲ್ ಒತ್ತಡ ಹೇರಿತು. ಊರಿನ ಅಷ್ಟೂ ಪಾತ್ರಗಳನ್ನು ಪೋಣಿಸಿದ್ದ ದಾರವೇ ಆ ಕೊಲೆ. ಅದು ಕಿತ್ತುಹೋದ ಮೇಲೆ ಲಾರಾಳ ಪ್ರೇಮಿ ಜೇಮ್ಸ್ ಬೈಕ್ ಹತ್ತಿ ಊರು ಬಿಟ್ಟು ಶ್ರೀಮಂತ ಹೆಂಗಸೊಬ್ಬಳ ಕಾರು ರಿಪೇರಿಗೆ ನಿಲ್ಲುತ್ತಾನೆ. ಊರಿನ ಹೋಟೆಲ್ ಮಾಲೀಕ ಬೆನ್ ಹಾರ್ನ್ ತಲೆಕೆಟ್ಟು ಅಮೆರಿಕದ ಅಂತರ್ಯುದ್ಧದ ಆಟ ಹೂಡುತ್ತಾನೆ. ಈ ಎರಡು ಟ್ರ್ಯಾಕ್‌ಗಳಲ್ಲಿ ಒಂದನ್ನು ಹಿಡಿಯಿರಿ. ಒಂದೇ ಒಂದು ದೃಶ್ಯ ಬಿಡಿಸಿ, ಅದರಲ್ಲಿ ಹೆದರಿಕೆ ಎಲ್ಲಿ ಸೋರಿಹೋಗಿದೆ ಎಂದು ತೋರಿಸಿ.

‘ನಿರ್ದೇಶಕರಿಗೆ ಆಸಕ್ತಿಯೇ ಹೋಯಿತು’ ಎಂದಿದ್ದೀರಿ. ನಿಮಗೆ ಯಾರು ಹೇಳಿದರು? ಆ ಸೀಸನ್ನಿನ 22 ಕಂತುಗಳಲ್ಲಿ ಲಿಂಚ್ ನಿರ್ದೇಶಿಸಿದ್ದು ನಾಲ್ಕನ್ನು. ಇದನ್ನು ಬರೆಯಿರಿ, ಅವರ ಮನಸ್ಸಿನ ಮಾತು ಬಿಡಿ. ಇನ್ನು, ಚಾನೆಲ್‌ನವರು ಸರಣಿಯನ್ನು ಶನಿವಾರ ರಾತ್ರಿಗೆ ತಳ್ಳಿದ್ದರು ಎಂಬುದು ನಿಮ್ಮಲ್ಲಿ ಬಂದೇ ಇಲ್ಲ. ನೋಡುವವರು ಕಡಿಮೆಯಾದದ್ದು ಬೇರೆ, ಕತೆ ಸೊರಗಿದ್ದು ಬೇರೆ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ.

‘ಸೂಪರ್‌ನ್ಯಾಚುರಲ್’ ಸರಣಿಯ ಜತೆಗಿನ ಹೋಲಿಕೆ ಪೂರ್ತಿ ತೆಗೆಯಿರಿ. ಅದರ ಸೃಷ್ಟಿಕರ್ತ ಎರಿಕ್ ಕ್ರಿಪ್ಕಿ ಐದು ಸೀಸನ್ನಿಗೆಂದು ಯೋಚಿಸಿದ್ದ ಕತೆ 15ರವರೆಗೆ ಎಳೆಯಿತು. ಅಲ್ಲಿಯ ರೋಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ್ದು. ಇಲ್ಲಿ ಗಂಟನ್ನು ಬೇಗ ಬಿಚ್ಚಿದ್ದೇ ರೋಗ. ಎರಡಕ್ಕೂ ಒಂದೇ ಮದ್ದು ಬರೆದುಕೊಟ್ಟರೆ ಹೇಗೆ?

ನಿಮ್ಮ ಕೊನೆಯ ಪ್ಯಾರಾ ಮಾತ್ರ ನನಗೆ ನಿಜಕ್ಕೂ ಹಿಡಿಸಿತು. ಕೂಪರ್ ಟೂತ್‌ಪೇಸ್ಟನ್ನೆಲ್ಲ ಸಿಂಕಿಗೆ ಹಿಂಡಿ, ಕನ್ನಡಿಗೆ ಹಣೆ ಚಚ್ಚಿಕೊಳ್ಳುವುದನ್ನು ಒಂದೂ ವಿಶೇಷಣ ಹಾಕದೆ ಬರೆದಿದ್ದೀರಿ. ಸೀಸನ್ನಿನ ಆ ಕೊನೆಯ ಕಂತಿನ ನಿರ್ದೇಶಕರೂ ಲಿಂಚ್, ಏಳನೇ ಕಂತಿನ ನಿರ್ದೇಶಕರೂ ಅವರೇ. ಎರಡರಲ್ಲೂ ಕನ್ನಡಿ, ಎರಡರಲ್ಲೂ ಬಾಬ್. ಇದು ನಿಮ್ಮ ಕಣ್ಣಿಗೆ ಬಿದ್ದಿತ್ತೇ? ಲೇಖನವನ್ನು ಇಲ್ಲಿಂದ ಶುರು ಮಾಡಿ, ನಡುವಿನ ಕಂತುಗಳಿಗೆ ಆಮೇಲೆ ಬನ್ನಿ.

2017ರ ಸೀಸನ್ ಸದ್ಯಕ್ಕೆ ಬೇಡ, ಅದು ಇನ್ನೊಂದು ಲೇಖನದ ಮಾತು. ಸಾವಿರ ಪದದೊಳಗೆ ತಿದ್ದಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.

ಇತಿ,
ಸಂಪಾದಕ